ಮೈಕಿನಲ್ಲಿ ಹೋದ ಮಾತು

ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ ಒಬ್ಬ ಬ್ಯಾಗು ರಿಪೇರಿ ಮಾಡುವವನಿದ್ದ. ಅವನ ಅಂಗಡಿ ಎಂದರೆ ಒಂದು ಹೊಲಿಗೆ ಯಂತ್ರ, ಎರಡು ಹಲಗೆ, ಗೋಡೆಯ ಮೊಳೆಗಳಿಗೆ ನೇತುಹಾಕಿದ ಜಿಪ್ಪುಗಳು, ಡಬ್ಬದ ತುಂಬ ಸೂಟ್‌ಕೇಸಿನ ಚಕ್ರಗಳು. ಅವನ ನೆತ್ತಿಯ ಮೇಲೆ ಸರಿಯಾಗಿ ಒಂದು ಸ್ಪೀಕರು. ಅದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ, ಯಾವುದು ತಡ, ಯಾವುದು ರದ್ದು ಎಂದು ಕೂಗಿ ಹೇಳುತ್ತಿದ್ದ ದನಿ ಅವನ ಹೆಂಡತಿಯದು.

ಆ ದನಿಯ ಬಗ್ಗೆ ಅವನಿಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ. ಗಿರಾಕಿ ಯಾರಾದರೂ ತಲೆ ಎತ್ತಿ "ಒಳ್ಳೇ ಸ್ಪಷ್ಟವಾಗಿ ಹೇಳ್ತಾರಲ್ಲ" ಎಂದರೆ ಸಾಕು, ತುಟಿಯಲ್ಲಿದ್ದ ಸೂಜಿ ತೆಗೆದು "ನಮ್ಮ ಮನೆಯವಳೇ" ಎನ್ನುತ್ತಿದ್ದ. ಗಿರಾಕಿ ತಲೆ ಎತ್ತದಿದ್ದರೂ ಎನ್ನುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಅವನು ತಾನಾಗಿ ಆಡುತ್ತಿದ್ದ ಮಾತು ಅದೊಂದೇ ಎಂದರೂ ನಡೆದೀತು.

ಆ ಮೈಕಿನ ಸ್ವಿಚ್ಚು ಮಾತಾಡುವಷ್ಟು ಹೊತ್ತೂ ಒತ್ತಿ ಹಿಡಿಯಬೇಕಾದ ಜಾತಿಯದು. ಬೆಳಗಿನ ಹೊತ್ತು ಬಸ್ಸುಗಳ ಸಾಲು ಉದ್ದ. ಹೆಂಡತಿಯ ಹೆಬ್ಬೆರಳು ಸಂಜೆಗೆ ಊದಿಕೊಳ್ಳುತ್ತಿತ್ತು. ಅದನ್ನು ನೋಡಲಾರದೆ ಅವನೇ ಶಾಲೆ ಬ್ಯಾಗಿನ ಹಳೇ ಬೆಲ್ಟು ಕತ್ತರಿಸಿ, ಅಂಟುಪಟ್ಟಿ ಹೊಲಿದು, ಸ್ವಿಚ್ಚನ್ನು ಒತ್ತಿ ಹಿಡಿದಿರುವಂಥ ಒಂದು ಪುಟ್ಟ ಪಟ್ಟಿ ಮಾಡಿಕೊಟ್ಟ. ಮಾತಾಡುವಾಗ ಕಟ್ಟುವುದು, ಮುಗಿದ ಮೇಲೆ ಚರ್ರೆಂದು ಎಳೆದು ಬಿಚ್ಚುವುದು. ಅವಳು ಅದನ್ನು ಕಂಟ್ರೋಲರ್ ಸಾಹೇಬರಿಗೂ ತೋರಿಸಿ "ನಮ್ಮೋರು ಮಾಡಿಕೊಟ್ಟಿದ್ದು" ಎಂದು ಹೇಳಿಕೊಂಡಿದ್ದಳು. ಎಲ್ಲ ಚೆನ್ನಾಗಿಯೇ ಇತ್ತು, ಬಿಚ್ಚುವುದನ್ನು ಮರೆಯುವವರೆಗೆ.

ಒಂದು ಮಧ್ಯಾಹ್ನ ಬಸ್ಸೊಂದರ ಹೆಸರು ಕೂಗಿ ಮುಗಿಸಿದವಳಿಗೆ ತಂಗಿಯ ಫೋನು ಬಂತು. ಪಟ್ಟಿ ಬಿಚ್ಚಲಿಲ್ಲ. ತಂಗಿ ಆ ಕಡೆಯಿಂದ ಭಾವ ಹೇಗಿದ್ದಾರೆ ಎಂದು ಕೇಳಿರಬೇಕು. ನಿಲ್ದಾಣದ ಎಲ್ಲ ಸ್ಪೀಕರುಗಳಲ್ಲೂ ಒಟ್ಟಿಗೆ ಉತ್ತರ ಬಂತು:

"ಅವರಾ? ಅವರ ಸುದ್ದಿ ಏನೇ ಇರುತ್ತೆ! ಮನೇಲಿ ಒಂದು ಸ್ಟೂಲು ಇರುತ್ತಲ್ಲ, ಹಾಗೆ. ಎಲ್ಲಿಟ್ರೆ ಅಲ್ಲೇ ಇರ್ತಾರೆ. ಮೇಲಿಂದ ಡಬ್ಬ ಇಳಿಸ್ಬೇಕು ಅಂದಾಗ ನೆನಪಾಗ್ತಾರೆ."

ಆಮೇಲೆ ಒಂದು ನಗು, ಬಾಯ್ತುಂಬ. ಕಂಟ್ರೋಲರ್ ಓಡಿಬಂದು ಮೈಕಿನ ತಂತಿ ಕಿತ್ತಾಗ ಆ ನಗುವೂ ಅರ್ಧಕ್ಕೆ ನಿಂತಿತು.

ಕೆಳಗೆ ನಿಲ್ದಾಣವೇ ಗೊಳ್ಳೆಂದಿತು. ನಗುವವರನ್ನು ಬೈದು ಏನು ಪ್ರಯೋಜನ? ನಾವಿದ್ದರೂ ನಗುತ್ತಿದ್ದೆವು. ಎದುರಿನ ಚಹದಂಗಡಿಯವನು ಕೈಯಲ್ಲಿದ್ದ ಲೋಟ ಚೆಲ್ಲಿಕೊಂಡ. ಬ್ಯಾಗಿನವನ ಮುಂದೆ ಜಿಪ್ಪು ಹಾಕಿಸಿಕೊಳ್ಳಲು ಕೂತಿದ್ದ ಹೆಂಗಸು, ಪಾಪ, ಏನೂ ತಿಳಿಯದೆ "ಯಾರಪ್ಪ ಆ ಪುಣ್ಯಾತ್ಮ?" ಎಂದು ಅವನನ್ನೇ ಕೇಳಿದಳು. ಅವನು ಜಿಪ್ಪನ್ನು ತಲೆಕೆಳಗಾಗಿ ಹೊಲಿದು ಕೊಟ್ಟ.

ಸಂಜೆ ಇಬ್ಬರೂ ಎಂದಿನಂತೆ ಒಟ್ಟಿಗೇ ಮನೆಗೆ ಹೊರಟರು. ದಾರಿಯುದ್ದಕ್ಕೂ ಅವಳು ಹಿಂದೆ ಹಿಂದೆ ಬಂದಳು. "ರೀ, ತಂಗಿ ಹತ್ರ ಏನೋ ತಮಾಷೆಗೆ ಅಂದೆ ಕಣ್ರೀ. ಬಾಯಿಗೆ ಬಂದದ್ದು ಅಂದ್ಬಿಟ್ಟೆ. ತಪ್ಪಾಯ್ತು" ಎಂದಳು. ಅವನು "ಹ್ಞೂಂ" ಎಂದ. ತರಕಾರಿ ಕೊಂಡರು. ಬೆಂಡೆಕಾಯಿ ಎಳೆಯದೇ ನೋಡಿ ಮುರಿದು ಮುರಿದು ಆರಿಸಿದ. ಇಲ್ಲಿಗೆ ಮುಗಿಯಿತು ಎಂದುಕೊಂಡು ಅವಳು ಉಸಿರು ಬಿಟ್ಟಳು.

ಊಟಕ್ಕೆ ಕೂತಾಗ ಶುರುವಾಯಿತು. ಮನೆಯಲ್ಲಿ ಇರುವವರು ನಾಲ್ಕು ಜನ: ಅವನು, ಹೆಂಡತಿ, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿರುವ ಮಗಳು, ಮತ್ತೆ ಅವನ ತಾಯಿ. ಅನ್ನಕ್ಕೆ ಬೇಳೆ ಸುರಿದುಕೊಳ್ಳುತ್ತ ಅವನು ಕೇಳಿದ:

"ಸ್ಟೂಲು ಅಂತ ಯಾಕಂದೆ?"

"ಅಯ್ಯೋ, ಅದನ್ನ ಬಿಡಿ ಅಂದೆನಲ್ಲ."

"ಅಲ್ಲ, ಕುರ್ಚಿ ಅನ್ನಬಹುದಿತ್ತು, ಮೇಜು ಅನ್ನಬಹುದಿತ್ತು. ಸ್ಟೂಲೇ ಯಾಕೆ ನೆನಪಾಯ್ತು?"

ಔಷಧಿ ಅಂಗಡಿಯಲ್ಲೇ ಸುದ್ದಿ ಕೇಳಿ ಬಂದಿದ್ದ ಮಗಳಿಗೆ ನಗು ತಡೆಯಲಾಗಲಿಲ್ಲ. ನಕ್ಕುಬಿಟ್ಟಳು. ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟು ಅವನು ಎದ್ದುಹೋದ. ಅಜ್ಜಿಗೆ ಅಲ್ಲಿಯವರೆಗೆ ಏನೂ ಗೊತ್ತಿರಲಿಲ್ಲ. ಮೊಮ್ಮಗಳ ಬಾಯಿಂದ ಪೂರ್ತಿ ಕೇಳಿಕೊಂಡು, ಮತ್ತೊಮ್ಮೆ ಹೇಳಿಸಿಕೊಂಡು, ಎದೆಗೆ ಕೈ ಇಟ್ಟುಕೊಂಡಳು.

"ಗಂಡನ ಮಾನಾನ ಬಸ್ ಸ್ಟ್ಯಾಂಡಲ್ಲಿ ಹರಾಜು ಹಾಕಿ ಬಂದು ಇಲ್ಲಿ ಬೇಳೆ ಬಡಿಸ್ತಿದ್ದೀಯಲ್ಲೇ ತಾಯಿ!"

"ಅತ್ತೆ, ಮೈಕು ಆನ್ ಇದ್ದದ್ದು ಗೊತ್ತಿರಲಿಲ್ಲ."

"ಅಂದ್ರೆ ಮೈಕಿಲ್ದಾಗ ದಿನಾ ಹೀಗೇ ಅಂತಿರ್ತೀಯಾ?"

ಈ ಒಂದು ಮಾತು ಒಳಗಿನ ಕೋಣೆಯಲ್ಲಿ ಮಲಗಿದ್ದವನ ಕಿವಿಗೆ ಬಿತ್ತು. ಅಜ್ಜಿ ಕಡ್ಡಿ ಗೀರಿಟ್ಟು, ತನ್ನ ಪಾಡಿಗೆ ಉಂಡು ಮಲಗಿದಳು. ಮಗ ಮಾತ್ರ ಆ ಮಾತನ್ನು ಬಾಯಲ್ಲಿಟ್ಟುಕೊಂಡೇ ಎಚ್ಚರವಾದ.

ಮಾರನೆಯ ದಿನ ನಿಲ್ದಾಣದಲ್ಲಿ ಅವನಿಗೆ ಹೊಸ ಹೆಸರು ಕಾದಿತ್ತು. ಚಹದವನು ಲೋಟ ಚಾಚಿ "ತಗೋ ಸ್ಟೂಲಣ್ಣ, ಸಕ್ಕರೆ ಕಮ್ಮಿ" ಎಂದ. ಸಾಮಾನು ಹೊರುವವರು ಹೋಗುತ್ತ ಬರುತ್ತ ಮೂಗು ಹಿಡಿದುಕೊಂಡು ಹೆಣ್ಣುದನಿಯಲ್ಲಿ "ಪ್ರಯಾಣಿಕರ ಗಮನಕ್ಕೆ, ಮೇಲಿಂದ ಡಬ್ಬ ಇಳಿಸಬೇಕಾಗಿದೆ" ಎಂದು ಕೂಗಿದರು. ಪತ್ರಿಕೆ ಮಾರುವವನು ತನ್ನ ಕಟ್ಟು ಇಳಿಸಿಕೊಡು ಎಂದು ನಿಜವಾಗಿಯೇ ಕರೆದ. ಅವನು ಹೋಗಿ ಇಳಿಸಿಯೂ ಕೊಟ್ಟ. ಇಳಿಸಿಕೊಟ್ಟ ಮೇಲೆ ಎಲ್ಲರೂ ನಕ್ಕಾಗಲೇ ತಾನು ಮಾಡಿದ್ದೇನೆಂದು ಹೊಳೆದದ್ದು.

ಇದೆಲ್ಲದರ ನಡುವೆ ತಲೆಯ ಮೇಲಿನ ಸ್ಪೀಕರು ಬಾಯಿ ಮುಚ್ಚಿರಲಿಲ್ಲ. ಅದೇ ದನಿ, ಅಷ್ಟೇ ಸ್ಪಷ್ಟ. ಪ್ರತಿ ಬಸ್ಸಿನ ಹೆಸರು ಮುಗಿದ ಮೇಲೆ ಅವನ ಕೈ ತಾನಾಗಿ ನಿಲ್ಲುತ್ತಿತ್ತು, ಇನ್ನೇನಾದರೂ ಬರುತ್ತದೋ ಎಂದು. ಕಿವಿಗೆ ಹತ್ತಿ ತುರುಕಿಕೊಂಡು ನೋಡಿದ. ಆಗ ಗಿರಾಕಿಗಳು ಹೇಳುವುದು ಕೇಳಿಸದೆ, ಚಕ್ರ ಹಾಕು ಎಂದರೆ ಹಿಡಿ ಹಾಕಿದ. ಹತ್ತಿ ಇದ್ದರೂ ಆ ಮೂರು ವಾಕ್ಯ ಮಾತ್ರ ಒಳಗಿನಿಂದಲೇ ಕೇಳಿಸುತ್ತಿದ್ದವು. ಎಲ್ಲಿಟ್ರೆ ಅಲ್ಲೇ ಇರ್ತಾರೆ. ಮೊದಲು ಅವಳ ದನಿಯಲ್ಲಿ, ಆಮೇಲೆ ಚಹದವನ ದನಿಯಲ್ಲಿ, ಕೊನೆಕೊನೆಗೆ ತನ್ನದೇ ದನಿಯಲ್ಲಿ.

ನಿಲ್ದಾಣದ ಜನಕ್ಕೆ ಒಂದೇ ತಮಾಷೆಯನ್ನು ಹಿಡಿದು ಕೂರುವಷ್ಟು ಬಿಡುವಿಲ್ಲ. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಒಬ್ಬ ಕಂಡಕ್ಟರು ಶೌಚಾಲಯದಲ್ಲಿ ಸಿಕ್ಕಿಹಾಕಿಕೊಂಡು ಬಸ್ಸು ಅವನನ್ನು ಬಿಟ್ಟು ಹೋಯಿತು. ನಗುವವರಿಗೆ ಹೊಸ ಸರಕು ಸಿಕ್ಕಿತು. ಚಹದವನು ಹಳೇ ಅಭ್ಯಾಸದಂತೆ "ತಗೋ ಅಣ್ಣ" ಎಂದು ಲೋಟ ಚಾಚಿದ. ಬ್ಯಾಗಿನವನು ತೆಗೆದುಕೊಳ್ಳಲಿಲ್ಲ.

"ಇವತ್ಯಾಕೆ ಅಣ್ಣ? ಸ್ಟೂಲಣ್ಣ ಅನ್ನು."

"ಬಿಡಪ್ಪ, ಯಾವತ್ತಿನದೋ ಮಾತು."

"ನಿನಗೆ ಯಾವತ್ತಿನದೋ. ಅವತ್ತು ಲೋಟ ಚೆಲ್ಲಿಕೊಂಡು ನಕ್ಕೆಯಲ್ಲ, ನಾನು ನೋಡಲಿಲ್ಲ ಅಂದ್ಕೊಂಡ್ಯಾ?"

ಚಹದವನು ಅವನ ಮುಖವನ್ನೇ ನೋಡಿ, ಲೋಟವನ್ನು ಪಕ್ಕದಲ್ಲಿ ನಿಂತವನಿಗೆ ಕೊಟ್ಟ. ಊರು ಮರೆತುಬಿಟ್ಟಿತ್ತು. ಮರೆಯದೆ ಉಳಿದವನು ಇವನೊಬ್ಬ. ಅದೂ ಅವನಿಗೆ ಒಂದು ಅವಮಾನವಾಗಿಯೇ ಕಂಡಿತು. ತನ್ನ ಮಾನ ಹೋದದ್ದು ನೆನಪಿಡುವಷ್ಟು ದೊಡ್ಡ ಸಂಗತಿಯೂ ಅಲ್ಲವಾಯಿತಲ್ಲ ಎಂದು.

ಮನೆಯಲ್ಲಂತೂ ಮರೆಯಲು ಅವನು ಯಾರಿಗೂ ಬಿಡಲಿಲ್ಲ. ದಿನ ದಿನವೂ ಊಟದ ಹೊತ್ತಿಗೆ ಒಂದು ಹೊಸ ಪ್ರಶ್ನೆ ಬೇಯುತ್ತಿತ್ತು. ಹೊಸದೆಂದರೆ ಹಳೆಯದರದೇ ಇನ್ನೊಂದು ಮಗ್ಗುಲು.

"ಎಲ್ಲಿಟ್ರೆ ಅಲ್ಲೇ ಇರ್ತಾರೆ ಅಂದ್ಯಲ್ಲ, ನಾನು ಎಲ್ಲಿಗೆ ಹೋಗ್ಬೇಕಿತ್ತು?"

"ಪಟ್ಟಿ ಬಿಚ್ಚೋದು ಮರೆತುಹೋಯ್ತು ಅಂತೀಯ. ಇಷ್ಟು ದಿನ ಮರೆಯದೆ ಇದ್ದದ್ದು ಅವತ್ತೇ ಹೇಗೆ ಮರೆತೆ? ಬೇಕಂತಲೇ ಬಿಟ್ಯಾ?"

"ಆ ನಗು ಇತ್ತಲ್ಲ, ಅಷ್ಟು ದೊಡ್ಡ ನಗು. ನನ್ನ ಎದುರಿಗೆ ಯಾವತ್ತಾದ್ರೂ ಹಾಗೆ ನಕ್ಕಿದ್ದೀಯಾ? ನೆನಪು ಮಾಡ್ಕೊಂಡು ಹೇಳು."

ಮೊದಮೊದಲು ಅವಳು ಉತ್ತರ ಕೊಟ್ಟಳು. ಆಮೇಲೆ ಅತ್ತಳು. ಆಮೇಲೆ ಬೇಳೆ ಸುರಿದು ಸುಮ್ಮನಾಗುವುದನ್ನು ಕಲಿತಳು. ಸುಮ್ಮನಾದರೆ "ನೋಡಿದ್ರಾ, ಉತ್ತರ ಇಲ್ಲ" ಎನ್ನುತ್ತಿದ್ದ. ಕೆಲಸದಲ್ಲೂ ಅವಳಿಗೆ ನೆಮ್ಮದಿ ಇರಲಿಲ್ಲ. ಅವಳದು ಕಾಯಂ ಕೆಲಸವಲ್ಲ. ಇನ್ನೊಮ್ಮೆ ಮೈಕಿನಲ್ಲಿ ಬಸ್ಸು ಬಿಟ್ಟು ಬೇರೆ ಮಾತು ಬಂದರೆ ಆವತ್ತೇ ಮನೆಗೆ ಹೋಗುವುದು ಎಂದು ಕಂಟ್ರೋಲರ್ ನೋಟೀಸು ಕೊಟ್ಟು ಸಹಿ ಹಾಕಿಸಿಕೊಂಡಿದ್ದ. ಬ್ಯಾಗಿನ ರಿಪೇರಿ ಮಳೆಯಂತೆ, ಬಂದರೆ ಬಂತು. ಬಾಡಿಗೆಗೂ ಅಜ್ಜಿಯ ಮಾತ್ರೆಗಳಿಗೂ ಗಟ್ಟಿಯಾಗಿ ಬರುತ್ತಿದ್ದದ್ದು ಅವಳ ಸಂಬಳ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಅಡುಗೆಮನೆಯಲ್ಲಿ ನಿಜವಾಗಿಯೂ ಒಂದು ಸ್ಟೂಲಿತ್ತು. ಅದನ್ನು ಅವನು ಒಂದು ಭಾನುವಾರ ಹಿತ್ತಿಲಿಗೆ ಒಯ್ದು ಸುತ್ತಿಗೆಯಿಂದ ಕಾಲು ಕಳಚಿದ. ಆಮೇಲೆ ಮೇಲಿನ ಹಲಗೆಯ ಡಬ್ಬಗಳನ್ನು ಯಾರೂ ಮುಟ್ಟುವಂತಿಲ್ಲವಾಯಿತು. ಹೆಂಡತಿ ಅವನನ್ನು ಕೇಳುವಂತಿಲ್ಲ. ಕೇಳಿದರೆ ಮಾತು ನಿಜ ಮಾಡಿದಂತೆ. ಕೇಳದೆ ಇದ್ದರೆ "ಈಗ ಡಬ್ಬಕ್ಕೂ ಬೇಡವಾದೆನಾ?" ಎನ್ನುತ್ತಾನೆ. ಒಂದು ದಿನ ಅವಳು ಕಡಲೆಹಿಟ್ಟಿನ ಡಬ್ಬಕ್ಕೆ ತುದಿಗಾಲಲ್ಲಿ ನಿಂತು ಕೈ ಚಾಚುತ್ತಿದ್ದಳು. ಅವನು ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡುತ್ತಲೇ ಇದ್ದ. ಡಬ್ಬ ಜಾರಿ ಅವಳ ಭುಜಕ್ಕೆ ಬಡಿದು, ಹಿಟ್ಟು ನೆಲದ ತುಂಬ ಚೆಲ್ಲಿತು.

"ಕರೀಬಹುದಿತ್ತಲ್ಲ" ಎಂದ.

ಮಗಳು ಓಡಿಬಂದು ಅಮ್ಮನ ಭುಜ ನೋಡಿದಳು. ಕೆಂಪಗೆ ಗೀರು ಎದ್ದಿತ್ತು.

"ಅಪ್ಪಾ, ನಿಂತು ನೋಡ್ತಿದ್ರಾ? ನಾಚಿಕೆ ಆಗಲ್ವಾ ನಿಮಗೆ?"

"ನಾಚಿಕೆ ನನ್ನ ಪಾಲಿಗೆ ಉಳಿದಿದ್ರೆ ತಾನೆ? ಎಲ್ಲ ಮೈಕಿನಲ್ಲಿ ಹೋಯ್ತಲ್ಲ."

"ಅದೇ ಮಾತು, ಅದೇ ಮಾತು! ತಿರುಗಿಸಿ ತಿರುಗಿಸಿ ಅದನ್ನೇ. ಇಡೀ ಊರು ಬಿಟ್ಟಿದೆ, ನೀವೊಬ್ರು ಬಿಟ್ಟಿಲ್ಲ. ನಮ್ಮ ತಲೆ ತಿಂದು ಮುಗಿಸಿದ್ರಿ."

"ನೀನೂ ನಕ್ಕವಳೇ. ಅವತ್ತು ಊಟಕ್ಕೆ ಕೂತಾಗ. ಮರೆತಿಲ್ಲ ನಾನು."

ಮಗಳು ಪೊರಕೆ ತೆಗೆದುಕೊಂಡು ಹಿಟ್ಟು ಗುಡಿಸಿದಳು. ಆ ದಿನದಿಂದ ಅವಳು ಊಟವನ್ನು ಔಷಧಿ ಅಂಗಡಿಯಲ್ಲೇ ಮುಗಿಸಿಕೊಂಡು ಬರತೊಡಗಿದಳು. ಅವನು ಅದನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಂಡ.

ಸುದ್ದಿ ಹೇಗೋ ತಂಗಿಗೆ ಮುಟ್ಟಿತು. ತಾನು ಫೋನು ಮಾಡಿದ್ದರಿಂದಲೇ ಇಷ್ಟೆಲ್ಲ ಆಯಿತಲ್ಲ ಎಂದು ಅವಳಿಗೆ ಕಸಿವಿಸಿ. ಒಂದು ಚೀಲ ಕಿತ್ತಳೆ ಹಣ್ಣು ಹಿಡಿದುಕೊಂಡು ರಜೆಯ ದಿನ ಬಂದಳು. ಚಪ್ಪಲಿ ಬಿಡುವ ಮೊದಲೇ "ಭಾವ, ತಪ್ಪು ನಂದು. ನಿಮ್ಮನ್ನ ಕೇಳಿದ್ದೇ ನಾನು. ಅಕ್ಕನ್ನ ಬಿಟ್ಟುಬಿಡಿ" ಎಂದಳು.

ಅವನು ಆಶ್ಚರ್ಯವಾಗುವಷ್ಟು ಮೃದುವಾಗಿ "ಬಾಮ್ಮ, ಕೂತ್ಕೋ" ಎಂದ. ಹೆಂಡತಿಯನ್ನೂ ಕರೆದು ಅವಳ ಎದುರಿನ ಕುರ್ಚಿಯಲ್ಲಿ ಕೂರಿಸಿದ. ನಡುವೆ ಅಜ್ಜಿ. ಮಗಳು ಬಾಗಿಲ ಹತ್ತಿರ ನಿಂತಳು.

"ಈಗ ಹೇಳಿ. ಅವತ್ತು ಏನು ಮಾತಾಡಿದ್ರೋ ಹಾಗೇ ಹೇಳಿ. ನೀನು ಮೊದಲು. ಏನಂತ ಕೇಳ್ದೆ?"

"ಭಾವ..."

"ಕೇಳಿದ್ದನ್ನ ಹೇಳು. ಬೇರೆ ಏನೂ ಬೇಡ."

ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ ನೆಲ ನೋಡುತ್ತಿದ್ದಳು. "ಭಾವ ಹೇಗಿದ್ದಾರೆ ಅಂತ ಕೇಳ್ದೆ" ಎಂದಳು ತಂಗಿ.

"ಹಾಗಲ್ಲ. ಅವಳನ್ನ ನೋಡಿ ಕೇಳು. ಫೋನಲ್ಲಿ ಕೇಳಿದ ಹಾಗೆ."

"ಭಾವ ಹೇಗಿದ್ದಾರೆ?"

"ಹ್ಞಾಂ. ಈಗ ನೀನು ಹೇಳೇ."

ಹೆಂಡತಿ ಸೆರಗಿನ ತುದಿ ಸುತ್ತುತ್ತ ಕೂತಳು. ಅವನು ಕಾದ. ಕೊನೆಗೆ ಅಜ್ಜಿಯೇ "ಹೇಳಿ ಮುಗಿಸೇ, ಒಂದ್ಸಲ ಹೇಳಿಬಿಟ್ರೆ ಅವನಿಗೂ ಸಮಾಧಾನ ಆಗುತ್ತೆ" ಎಂದಳು. ಹೆಂಡತಿ ತಗ್ಗಿದ ದನಿಯಲ್ಲಿ ಹೇಳಿದಳು. ಅವರಾ. ಅವರ ಸುದ್ದಿ ಏನೇ ಇರುತ್ತೆ. ಮನೇಲಿ ಒಂದು ಸ್ಟೂಲು ಇರುತ್ತಲ್ಲ, ಹಾಗೆ. ಮೇಲಿಂದ ಡಬ್ಬ ಇಳಿಸ್ಬೇಕು ಅಂದಾಗ ನೆನಪಾಗ್ತಾರೆ.

"ತಪ್ಪು" ಎಂದ. "ನಡುವೆ ಒಂದಿದೆ. ಎಲ್ಲಿಟ್ರೆ ಅಲ್ಲೇ ಇರ್ತಾರೆ. ಅದನ್ನ ನುಂಗಿದೆ. ಮತ್ತೆ ಶುರುವಿಂದ ಹೇಳು. ಕೊನೇಲಿ ನಗು."

"ನಗೋದಾ?"

"ಅವತ್ತು ನಕ್ಕೆಯಲ್ಲ. ಇವಳೂ ಆ ಕಡೆಯಿಂದ ನಕ್ಕಿರ್ಬೇಕು. ನಕ್ಕೆ ತಾನೇಮ್ಮ? ಇಬ್ರೂ ನಗಿ."

ಮಗಳು "ಅಪ್ಪಾ!" ಎಂದು ಕಿರುಚಿದಳು. ಅವನು ಅವಳ ಕಡೆ ತಿರುಗಲೂ ಇಲ್ಲ. ಹೆಂಡತಿ ಮತ್ತೆ ಶುರುವಿನಿಂದ ಹೇಳಿದಳು, ಒಂದೂ ವಾಕ್ಯ ಬಿಡದೆ. ಹೇಳಿ, ನಕ್ಕಳು. ಅದನ್ನು ನಗು ಎಂದು ಕರೆಯುವುದಾದರೆ. ತಂಗಿ ನಗಲಾರದೆ ಮುಖ ಮುಚ್ಚಿಕೊಂಡು ಅಳುತ್ತ ಎದ್ದಳು. ಚಪ್ಪಲಿಗಾಗಿ ತಡಕಾಡಿ, ಒಂದು ಸಿಕ್ಕದೆ, ಸಿಕ್ಕಿದ ಮೇಲೆ ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲಿಳಿದಳು. "ಹಣ್ಣು ತಗೊಂಡು ಹೋಗು ಅನ್ನು" ಎಂದ ಅವನು. ಅಜ್ಜಿಗೂ ಆಗ ಮೊದಲ ಸಲ ಮಗನನ್ನು ನೋಡಿ ಭಯವಾಯಿತು.

ಇಷ್ಟಾದರೂ ಸಮಾಧಾನ ಬರಲಿಲ್ಲ. ಬಂದದ್ದು ಒಂದು ಯೋಚನೆ. ಅದನ್ನು ಅವನು ಎರಡು ದಿನ ಒಳಗೇ ಇಟ್ಟುಕೊಂಡು ಹೊಳಪು ಕೊಟ್ಟು, ಮೂರನೆಯ ದಿನ ಊಟದ ಹೊತ್ತಿಗೆ ಹೊರತೆಗೆದ.

"ನಾಲ್ಕು ಗೋಡೆ ಒಳಗೆ ತಪ್ಪಾಯ್ತು ಅಂದ್ರೆ ಏನು ಬಂತು? ಊರಿಗೆಲ್ಲ ಕೇಳೋ ಹಾಗೆ ಅಂದೆ. ತಪ್ಪಾಯ್ತು ಅನ್ನೋದೂ ಊರಿಗೆಲ್ಲ ಕೇಳ್ಬೇಕು. ಅದೇ ಮೈಕಲ್ಲಿ ಹೇಳು. ಅಲ್ಲಿಗೆ ಮುಗೀತು. ಇನ್ನು ನಾನು ಆ ಮಾತೇ ಎತ್ತಲ್ಲ."

"ಕೆಲಸ ಹೋಗುತ್ತೆ ಕಣ್ರೀ. ನೋಟೀಸು ಕೊಟ್ಟಿದ್ದಾರೆ, ನಿಮಗೆ ಗೊತ್ತು."

"ಗಂಡನ ಮಾನ ದೊಡ್ಡದೋ, ಕೆಲಸ ದೊಡ್ಡದೋ?"

"ಕೆಲಸ ಹೋದ್ರೆ ಬಾಡಿಗೆ ಯಾರು ಕಟ್ತಾರೆ? ನೀವಾ?"

ಕೇಳಬಾರದ್ದನ್ನು ಕೇಳಿದಳು. ಅವನು ತಟ್ಟೆ ದೂಡಿದ. "ಗೊತ್ತಿತ್ತು ನನಗೆ, ಇದೊಂದು ದಿನ ಬಾಯಿಂದ ಬಂದೇ ಬರುತ್ತೆ ಅಂತ" ಎಂದು ಎದ್ದವನು ಆಮೇಲೆ ಮನೆಯಲ್ಲಿ ಊಟವನ್ನೇ ಬಿಟ್ಟ. ಊಟದ ಹೊತ್ತಿಗೆ ಬಂದು ಕೂರುತ್ತಿದ್ದ. ತಟ್ಟೆ ಹಾಕಿಸಿಕೊಳ್ಳುತ್ತಿದ್ದ. ಬಡಿಸಿದ ಮೇಲೆ ಕೈ ತೊಡೆಯ ಮೇಲಿಟ್ಟುಕೊಂಡು ಎಲ್ಲರೂ ಉಣ್ಣುವುದನ್ನು ನೋಡುತ್ತಿದ್ದ. ಅವನ ಎದುರು ಅನ್ನ ಆರಿ ಒಣಗುತ್ತಿದ್ದರೆ ಯಾರ ಗಂಟಲಲ್ಲಿ ತುತ್ತು ಇಳಿದೀತು? ಅಂಗಡಿಯಲ್ಲಿ ಬ್ರೆಡ್ಡು ತಿನ್ನುತ್ತಿದ್ದ ಎನ್ನುವುದು ಬೇರೆ ಮಾತು. ಅದೂ ಸರಿಯಾಗಿ ತಿನ್ನಲಿಲ್ಲವೆಂದು ಕಾಣುತ್ತದೆ, ಕೆನ್ನೆ ಒಳಗೆ ಹೋಗಿ ಮೂಗು ಚೂಪಾಯಿತು. ಮಾತ್ರೆ ನುಂಗಲು ನೀರು ಹಿಡಿದುಕೊಂಡಿದ್ದ ಅಜ್ಜಿ ಒಂದು ದಿನ ಸೊಸೆಯ ಕೈ ಹಿಡಿದುಕೊಂಡಳು.

"ಒಂದು ಮಾತು ಹೇಳಿಬಿಡೇ. ಕೆಲಸ ಇನ್ನೊಂದು ಸಿಗುತ್ತೆ. ಮಗ ಸಿಗಲ್ಲ."

"ಹೇಳಿದ್ರೆ ಸರಿಹೋಗ್ತಾರಾ ಅತ್ತೆ?"

"ಹೋಗ್ತಾನೆ. ನನ್ನ ಮಗ, ನನಗೆ ಗೊತ್ತಿಲ್ವಾ?"

"ಹೇಳ್ಬೇಡಮ್ಮ" ಎಂದಳು ಮಗಳು. "ಸರಿಹೋಗೋಕೆ ಅವರಿಗೇ ಇಷ್ಟ ಇಲ್ಲ."

ಹೆಂಡತಿ ಆ ರಾತ್ರಿ ಪಾತ್ರೆ ತೊಳೆದು ಬಂದು, ಕೈ ಒರೆಸಿಕೊಳ್ಳುತ್ತ, ಗಂಡನ ಮುಂದೆ ನಿಂತಳು. "ನಾಳೆ ಹೇಳ್ತೀನಿ" ಎಂದಳು.

ಮಾರನೆಯ ದಿನ ಬೆಳಗಿನ ಗದ್ದಲ ಏರುವ ಹೊತ್ತಿಗೆ ಅವನು ಯಂತ್ರ ನಿಲ್ಲಿಸಿ, ಅಂಗಡಿಯ ಹೊರಗೆ ಬಂದು, ಎಲ್ಲರಿಗೂ ಕಾಣುವಂತೆ ನಿಂತ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಒಂದು ಬಸ್ಸಿನ ಹೆಸರು ಬಂತು, ಅದರ ಅಂಕಣ ಬಂತು. ಆಮೇಲೆ ಅದೇ ದನಿ, ಒಂದಿಷ್ಟೂ ಏರಿಳಿತವಿಲ್ಲದೆ:

"ಪ್ರಯಾಣಿಕರ ಗಮನಕ್ಕೆ. ಕೆಲವು ವಾರಗಳ ಹಿಂದೆ ಇದೇ ಮೈಕಿನಲ್ಲಿ ನಾನು ನನ್ನ ಗಂಡನ ಬಗ್ಗೆ ಹಗುರವಾಗಿ ಮಾತಾಡಿದ್ದೆ. ಅದು ನನ್ನ ತಪ್ಪು. ನನ್ನ ಗಂಡ ಒಳ್ಳೆಯವರು. ಇದನ್ನು ಎಲ್ಲರೂ ಗಮನಿಸಬೇಕಾಗಿ ವಿನಂತಿ."

ಯಾರೋ ಪರವೂರಿನವನು ಚಹದವನನ್ನು "ಏನಂತೆ? ಏನಂದಿದ್ದಳಂತೆ?" ಎಂದು ಕೇಳಿದ. ಚಹದವನು ಹೇಳಿದ. ಪರವೂರಿನವನು ತನ್ನ ಹೆಂಡತಿಗೆ ಹೇಳಿದ. ಅವಳು ಪಕ್ಕದವಳಿಗೆ ಹೇಳಿದಳು. ಅಂದು ನಿಲ್ದಾಣದಲ್ಲಿ ಇಲ್ಲದವರು, ಊರಿಗೆ ಹೊಸಬರು, ಮರೆತೇ ಬಿಟ್ಟಿದ್ದವರು, ಎಲ್ಲರಿಗೂ ಸ್ಟೂಲಿನ ಕತೆ ಬಿಸಿಬಿಸಿಯಾಗಿ ಮುಟ್ಟಿತು. ನಗು ಅಂಕಣದಿಂದ ಅಂಕಣಕ್ಕೆ ಹೋಯಿತು. ಇಸ್ತ್ರಿ ಅಂಗಿಯವನು ಯಾರೆಂದು ಕೇಳಿದವರಿಗೆ ಸಾಮಾನು ಹೊರುವವರು ಬೆರಳು ತೋರಿಸಿದರು. ಸ್ವಲ್ಪ ಹೊತ್ತಿಗೆ ಸ್ಪೀಕರಿನಲ್ಲಿ ಕಂಟ್ರೋಲರನ ಒಡಕು ದನಿ ಮುಂದಿನ ಬಸ್ಸನ್ನು ಕೂಗಿತು. ಹೆಂಡತಿ ಬುತ್ತಿಯ ಡಬ್ಬ ಹಿಡಿದು ಮೆಟ್ಟಿಲಿಳಿದು ಅವನ ಮುಂದೆಯೇ ಹಾದು ಮನೆಗೆ ಹೋದಳು. ಅವನನ್ನು ನೋಡಲಿಲ್ಲ.

ಅವಳು ಮನೆಗೆ ಹೋಗಿ ಬಟ್ಟೆ ಒಗೆದಳು. ಮೇಲಿನ ಹಲಗೆಯ ಡಬ್ಬಗಳನ್ನೆಲ್ಲ ಮಗಳ ಕೈಯಲ್ಲಿ ಇಳಿಸಿಸಿ ನೆಲದ ಮೇಲೆ ಗೋಡೆಗುಂಟ ಜೋಡಿಸಿದಳು. ಸಂಜೆ ಅಡುಗೆ ಮಾಡಿದಳು. ಮಗನು ಇಂದು ಉಣ್ಣುತ್ತಾನೆಂದು ಅಜ್ಜಿ ಮೊಟ್ಟೆ ಬೇಯಿಸಲು ಹೇಳಿದ್ದಳು. ಮಗಳೂ ಅಂದು ಹೊರಗೆ ಉಣ್ಣದೆ ಬೇಗನೆ ಮನೆಗೆ ಬಂದಿದ್ದಳು. ಎಷ್ಟೋ ದಿನದ ಮೇಲೆ ನಾಲ್ಕು ತಟ್ಟೆ ಒಟ್ಟಿಗೆ ಬಿದ್ದವು.

ಅವನು ಕೈ ತೊಳೆದು ಬಂದು ಕೂತ. ಮೊಟ್ಟೆಯ ಕಡೆ ನೋಡಿದ. ಕೈ ಮತ್ತೆ ತೊಡೆಯ ಮೇಲೆಯೇ ಇತ್ತು.

"ಉಣ್ಣೋ" ಎಂದಳು ಅಜ್ಜಿ. "ಹೇಳು ಅಂದೆ, ಹೇಳಿದಳಲ್ಲ."

"ಹೇಳಿದಳು" ಎಂದ. "ಆದ್ರೆ ಅದರಲ್ಲಿ ಮನಸ್ಸೇ ಇರಲಿಲ್ಲ. ಬಸ್ಸು ಕೂಗಿದ ಹಾಗೆ ಕೂಗಿ ಮುಗಿಸಿದಳು."

ಮಗಳು ತುತ್ತನ್ನು ತಟ್ಟೆಗೆ ವಾಪಸ್ ಹಾಕಿದಳು. "ಅಮ್ಮನ ಕೆಲಸ ಹೋಯ್ತು ಅಪ್ಪಾ. ಇವತ್ತು. ನಿಮ್ಮಿಂದ."

"ನಾನು ಇಲ್ಲ ಅಂದ್ನಾ? ನಾನು ಹೇಳ್ತಿರೋದು ಬೇರೆ. ಒಳ್ಳೆಯವರು ಅನ್ನೋವಾಗ ದನಿ ಎಷ್ಟು ಒಣಗಿತ್ತು ಗೊತ್ತಾ? ಸ್ಟೂಲು ಅನ್ನೋವಾಗ ಹಾಗಿರಲಿಲ್ಲ. ಅದನ್ನ ಮಾತ್ರ ಮನಸ್ಸಿಟ್ಟು ಅಂದಿದ್ದಳು."

"ಸಾಕು ಮಾಡೋ ಮಾರಾಯ!" ಎಂದಳು ಅಜ್ಜಿ.

ಹೆಂಡತಿ ಸೌಟನ್ನು ಪಾತ್ರೆಯೊಳಗೆ ಇಟ್ಟಳು. ಅಳಲಿಲ್ಲ, ಕೂಗಲಿಲ್ಲ. ಪಕ್ಕದವರಿಗೆ ಉಪ್ಪು ಬೇಕಾ ಎಂದು ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದಳು.

"ಅವತ್ತು ಅದರಲ್ಲೂ ಮನಸ್ಸಿರಲಿಲ್ಲ ರೀ. ತಂಗಿ ನಗಲಿ ಅಂತ ಅಂದಿದ್ದು. ಅವತ್ತು ನಿಮ್ಮ ಮೇಲೆ ನನಗೆ ಏನೂ ಇರಲಿಲ್ಲ. ಈಗ ಮನಸ್ಸಿಟ್ಟು ಹೇಳ್ತೀನಿ, ಕೇಳಿಸ್ಕೊಳ್ಳಿ. ನಿಮ್ಮನ್ನ ಕಂಡ್ರೆ ನನಗೆ ಆಗಲ್ಲ. ಸಂಜೆ ನಿಮ್ಮ ಚಪ್ಪಲಿ ಸದ್ದು ಕೇಳಿದ್ರೆ ಎದ್ದು ಹಿತ್ತಿಲಿಗೆ ಹೋಗ್ತೀನಿ. ನೀವು ಯಾವತ್ತಾದ್ರೂ ಮನೆಗೆ ಬರದೆ ಇದ್ರೆ ಸಾಕು ಅನ್ಸುತ್ತೆ."

ಅಜ್ಜಿ ಮಗನ ಕಡೆ ನೋಡಲು ಹೆದರಿ ತಟ್ಟೆ ನೋಡಿದಳು. ಈಗ ತಟ್ಟೆ ಹಾರುತ್ತದೆ ಎಂದು ಮಗಳು ಅಮ್ಮನ ಹತ್ತಿರಕ್ಕೆ ಜರುಗಿದಳು.

ತಟ್ಟೆ ಹಾರಲಿಲ್ಲ. ಅವನ ಮುಖ ಮೆಲ್ಲಗೆ ಬಿಚ್ಚಿಕೊಂಡಿತು. ಇಷ್ಟು ವಾರ ಬಿಗಿದಿದ್ದ ಹುಬ್ಬು ಸಡಿಲಾಯಿತು. ಕಣ್ಣಿನಲ್ಲಿ ಒಂದು ಬೆಳಕು ಬಂತು. ಅದು ಖುಷಿಯೇ, ಬೇರೆ ಹೆಸರಿಲ್ಲ. ತಾಯಿಯ ಕಡೆಗೆ ತಿರುಗಿದ.

"ನೋಡಿದ್ಯಾ ಅಮ್ಮಾ? ಅವತ್ತಿಂದ ನಾನು ಇದನ್ನೇ ತಾನೇ ಹೇಳ್ತಾ ಇರೋದು? ಒಬ್ರಾದ್ರೂ ನಂಬಿದ್ರಾ?"

ಅವನು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಮೊಟ್ಟೆಯನ್ನು ಎರಡಾಗಿ ಮುರಿದು, ಅನ್ನಕ್ಕೆ ಬೇಳೆ ಕಲಸಿಕೊಂಡು, ದೊಡ್ಡ ದೊಡ್ಡ ತುತ್ತು ಮಾಡಿ ಹೊಟ್ಟೆ ತುಂಬ ಉಂಡ. ಉಂಡು, ಇನ್ನೊಂದಿಷ್ಟು ಅನ್ನ ಹಾಕು ಎಂದು ಹೆಂಡತಿಯ ಕಡೆಗೆ ತಟ್ಟೆ ಚಾಚಿದ.